ಉನ್ಮುಕ್ತಪೃಷ್ಠ ಕರ್ಣಯಂತ್ರಗಳಲ್ಲಿ ಮಂದ್ರನಾದದ ಸ್ವರೂಪ: ಒಂದು ತೌಲನಿಕ ಅಧ್ಯಯನ

ಅಧ್ಯಾಯ 1: ಪೀಠಿಕೆ ಮತ್ತು ವಿಷಯವ್ಯಾಪ್ತಿ

ಕರ್ಣೇಂದ್ರಿಯದ ಇಕ್ಕೆಲಗಳಲ್ಲಿ ಧರಿಸಲ್ಪಟ್ಟು, ಪೃಷ್ಠಭಾಗದಲ್ಲಿ ಜಾಲಂಧ್ರಯುಕ್ತವಾಗಿ, ವಾಯುವಿನ ಗಮನಾಗಮನಕ್ಕೆ ಆಸ್ಪದವೀಯುವ ಶ್ರವಣಸಾಧನವನ್ನು ಪ್ರಸ್ತುತ ಪ್ರಬಂಧದಲ್ಲಿ 'ಉನ್ಮುಕ್ತಪೃಷ್ಠ ಕರ್ಣಯಂತ್ರ' ಎಂದು ಕರೆಯಲಾಗಿದೆ. ಅಂಗಡಿಯವರು ಇದನ್ನು ಓಪನ್ ಬ್ಯಾಕ್ ಹೆಡ್‌ಫೋನ್ ಎನ್ನುತ್ತಾರೆ. ಅವರ ಮಾತು ಎಲ್ಲರಿಗೂ ಅರ್ಥವಾಗುವುದರಿಂದ ಅದನ್ನು ಸಂಶೋಧನೆಯಲ್ಲಿ ಬಳಸುವಂತಿಲ್ಲ.

ಈ ಯಂತ್ರಗಳಿಂದ ಹೊರಡುವ ಮಂದ್ರನಾದ, ಅರ್ಥಾತ್ ಬಾಸ್, ಕುರಿತು ಈಗಾಗಲೇ ಹೇರಳ ಸಾಹಿತ್ಯ ಸೃಷ್ಟಿಯಾಗಿದೆ. ಸೃಷ್ಟಿಸಿದವರನ್ನು ವಿಮರ್ಶಕರೆಂದು ಕರೆಯುವ ವಾಡಿಕೆಯಿದೆ. ಈ ಸಾಹಿತ್ಯದಲ್ಲಿ ಬಾಸ್ 'ವೆಲ್ವೆಟ್ಟಿನಂತೆ' ಇರುತ್ತದೆ, 'ಕೆನೆಗಟ್ಟಿ'ರುತ್ತದೆ, 'ಸ್ನಾಯುಬದ್ಧ'ವಾಗಿರುತ್ತದೆ, ಒಮ್ಮೊಮ್ಮೆ 'ನಾಚುತ್ತದೆ'. ಒಂದೇ ಬಾಸ್ ಒಂದೇ ಪುಟದಲ್ಲಿ ನಾಚಿಕೊಂಡೂ ಸ್ನಾಯುಬದ್ಧವಾಗಿಯೂ ಇರಬಲ್ಲದು. ಕೇಳಿಸುತ್ತದೆ ಎಂದು ಮಾತ್ರ ಯಾರೂ ಬರೆದಂತಿಲ್ಲ. ಈ ಕೊರತೆಯನ್ನು ಯಥಾವತ್ತಾಗಿ ಮುಂದಿನ ಪೀಳಿಗೆಗೆ ದಾಟಿಸುವುದು ಪ್ರಸ್ತುತ ಅಧ್ಯಯನದ ಘನ ಉದ್ದೇಶ.

ಅಧ್ಯಾಯ 2: ಪೂರ್ವಸೂರಿಗಳು

1910ರ ಸುಮಾರಿಗೆ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ಎಂಬಾತ ಮನೆಯ ಅಡುಗೆಕೋಣೆಯಲ್ಲಿ ಕೂತು ಹೆಡ್‌ಫೋನ್ ತಯಾರಿಸಿ ಅಲ್ಲಿನ ನೌಕಾಪಡೆಗೆ ಮಾರಿದ. ನೌಕಾಪಡೆಗೆ ಬೇಕಾಗಿದ್ದುದು ಸಂದೇಶ ಕೇಳಿಸುವುದಷ್ಟೇ. ಬಾಸಿನ ಗೊಡವೆ ಅವರಿಗಿರಲಿಲ್ಲ. 1958ರಲ್ಲಿ ಜಾನ್ ಕಾಸ್ ಸಂಗೀತಕ್ಕೆಂದೇ ಸ್ಟೀರಿಯೊ ಹೆಡ್‌ಫೋನ್ ಹೊರತಂದ. ಕಿವಿಯ ಮೇಲೆ ಮುಚ್ಚಳ ಹಾಕಿದಂತಿದ್ದ ಈ ಪರಂಪರೆಯನ್ನು ಮುರಿದದ್ದು ಜರ್ಮನಿಯ ಸೆನ್‌ಹೈಸರ್ ಕಂಪನಿ. 1968ರಲ್ಲಿ ಅದು ಎಚ್‌ಡಿ 414 ಎಂಬ ಹಗುರ ಹೆಡ್‌ಫೋನ್ ತಂದಿತು. ಹಿಂಬದಿ ತೆರೆದದ್ದು, ಕಿವಿಗೊತ್ತುವ ಕಡೆ ಸ್ಪಂಜು. ಜನ ಮುಗಿಬಿದ್ದು ಕೊಂಡರು.

ಈ ಇತಿಹಾಸವನ್ನು ಪೂರ್ವಸ್ಪಂಜು ಯುಗ, ಸ್ಪಂಜು ಯುಗ ಮತ್ತು ಸ್ಪಂಜೋತ್ತರ ಯುಗ ಎಂದು ವಿಂಗಡಿಸಿಕೊಳ್ಳುವುದು ಸೂಕ್ತ. ಸ್ಪಂಜೋತ್ತರ ಎಂಬುದು ಸ್ಪಂಜಿನ ನಿರಾಕರಣೆಯೋ ಅದರ ಮುಂದುವರಿಕೆಯೋ ಎಂಬ ಬಗ್ಗೆ ಎರಡು ದಿನಗಳ ವಿಚಾರ ಸಂಕಿರಣ ನಡೆಸಲು ಅವಕಾಶವಿದೆ. ಊಟದ ವ್ಯವಸ್ಥೆ ಇರತಕ್ಕದ್ದು.

ಅಧ್ಯಾಯ 3: ಸಂಶೋಧನಾ ವಿಧಾನ ಮತ್ತು ಕ್ಷೇತ್ರಕಾರ್ಯ

ಕ್ಷೇತ್ರಕಾರ್ಯವನ್ನು ಬೆಂಗಳೂರಿನ ಒಂದು ಮೊದಲ ಮಹಡಿಯ ಮನೆಯಲ್ಲಿ ಕೈಗೊಳ್ಳಲಾಯಿತು. ಉನ್ಮುಕ್ತಪೃಷ್ಠ ಯಂತ್ರವು ಹೊರಗಿನ ಶಬ್ದವನ್ನು ತಡೆಯುವುದಿಲ್ಲವಾದ್ದರಿಂದ ಕೆಳಗಿನ ಮನೆಯ ಬೋರ್‌ವೆಲ್ ಮೋಟಾರು, ಪಕ್ಕದ ಮನೆಯ ಕುಕ್ಕರಿನ ಮೂರು ವಿಷಲ್, ತಳ್ಳುಗಾಡಿಯ ಮೈಕಿನಿಂದ ಬರುವ 'ಈರುಳ್ಳೀ...' ಇವೆಲ್ಲವೂ ಸಂಗೀತದೊಂದಿಗೆ ಅನುಸಂಧಾನಗೊಂಡವು. ಮೋಟಾರಿನ ಬಾಸ್ ಅತ್ಯುತ್ತಮವಾಗಿತ್ತು.

ಮಾಹಿತಿದಾರರಾಗಿ ಸಂಶೋಧಕನ ತಾಯಿಯವರು ದೊರೆತರು. ಸೊಪ್ಪು ಬಿಡಿಸುತ್ತ ಪಕ್ಕದಲ್ಲಿ ಕುಳಿತಿದ್ದ ಅವರು, 'ಏನೋ ಅದು, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ? ನಿಲ್ಸೋ' ಎಂದರು. ಸಂಶೋಧಕನ ಕಿವಿಯೊಳಗೆ ಆ ಹೊತ್ತಿಗೆ ಡಬಲ್ ಬಾಸ್ ಮೊಳಗುತ್ತಿತ್ತು. ಈ ಹೇಳಿಕೆಯನ್ನು ಅಧ್ಯಾಯ 5ರಲ್ಲಿ ಬಳಸಿಕೊಳ್ಳಲಾಗುವುದು. ಏಕೆಂದರೆ ಇಡೀ ಕ್ಷೇತ್ರಕಾರ್ಯದಲ್ಲಿ ವೈಜ್ಞಾನಿಕವಾಗಿದ್ದ ಮಾತು ಅದೊಂದೇ.

ಅಧ್ಯಾಯ 4: ಮಂದ್ರನಾದದ ದ್ವಾದಶ ಪ್ರಭೇದಗಳು

(ಅ) ಮಧ್ಯಸ್ಥೂಲ-ಮೂಲಕೃಶ ಮಂದ್ರ. ಉದಾಹರಣೆ: ಸೆನ್‌ಹೈಸರ್ ಎಚ್‌ಡಿ 600 (1997) ಮತ್ತು ಎಚ್‌ಡಿ 650 (2003). ಎರಡೂ 300 ಓಮ್‌ನವು. ಮೊದಲನೆಯದಕ್ಕೆ ಅಡುಗೆಮನೆ ಕಟ್ಟೆಯ ಗ್ರಾನೈಟ್ ನೆನಪಿಸುವ ಚುಕ್ಕೆಚುಕ್ಕೆ ನೀಲಿ ಬಣ್ಣವಿತ್ತು. ಇವುಗಳಲ್ಲಿ 100 ಹರ್ಟ್ಸ್‌ನ ಆಸುಪಾಸು ದನಿ ತುಸು ಉಬ್ಬಿರುತ್ತದೆ, ಅದಕ್ಕೂ ಕೆಳಗಿಳಿದಂತೆ ಸೊರಗುತ್ತದೆ. 650ರದ್ದು ಕೊಂಚ ಭಾರ, 600ರದ್ದು ಕೊಂಚ ಹಗುರ. ಇವೆರಡರ ನಡುವಿನ ಅಂತರ ಒಂದೆರಡು ಡೆಸಿಬೆಲ್. ಈ ಒಂದೆರಡು ಡೆಸಿಬೆಲ್‌ಗಾಗಿ ಎರಡು ದಶಕಗಳಿಂದ ಎರಡು ಪಂಥಗಳು ಪರಸ್ಪರ ಮಾತು ಬಿಟ್ಟಿವೆ. 650ರ ದನಿಯ ಮೇಲೆ 'ಮುಸುಕು' ಇದೆ ಎಂಬುದು ಒಂದು ಪಂಥ. ಮುಸುಕಿರುವುದು ನಿಮ್ಮ ಆಂಪ್ಲಿಫೈಯರಿಗೆ ಎಂಬುದು ಇನ್ನೊಂದು. ಇವರನ್ನು ಕ್ರಮವಾಗಿ ಸಾವಗುಂಠನವಾದಿಗಳು ಮತ್ತು ನಿರವಗುಂಠನವಾದಿಗಳು ಎಂದು ಕರೆಯತಕ್ಕದ್ದು.

(ಆ) ಆದ್ಯಂತೋನ್ನತ ಮಂದ್ರ. ಉದಾಹರಣೆ: ಹೈಲ್‌ಬ್ರಾನ್ ಊರಿನ ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 990. ಬಾಸ್ ಎತ್ತರ, ತಾರಸ್ಥಾಯಿ ಅದಕ್ಕಿಂತ ಎತ್ತರ, ನಡುವೆ ಹಳ್ಳ. ಗಾಯಕಿ ಆ ಹಳ್ಳದಲ್ಲಿ ನಿಂತು ಹಾಡುತ್ತಾಳೆ. 'ಸರಸ್ವತಿ' ಎಂದಾಗ 'ಸ'ಕಾರಗಳು ಕಿವಿಯನ್ನು ಗೀರಿಕೊಂಡೇ ಹೋಗುತ್ತವೆ. ವಿಮರ್ಶಕರು ಇದನ್ನು 'ವಿವರಗಳ ಅನಾವರಣ' ಎಂದು ಗುರುತಿಸಿದ್ದಾರೆ.

(ಇ) ವೈರಾಗ್ಯ ಮಂದ್ರ. ಉದಾಹರಣೆ: ವಿಯೆನ್ನಾ ಮೂಲದ ಎಕೆಜಿ ಕಂಪನಿಯ ಕೆ701. ದನಿ ವಿಶಾಲವಾಗಿ ಹರಡುತ್ತದೆ, ಬಾಸ್ ಮಾತ್ರ ಸಂನ್ಯಾಸ ಸ್ವೀಕರಿಸಿದೆ. ನೆತ್ತಿಯ ಮೇಲೆ ಕೂರುವ ಚರ್ಮದ ಪಟ್ಟಿಗೆ ಉಬ್ಬುಗಳಿದ್ದು, ಅರ್ಧ ಗಂಟೆಯಲ್ಲಿ ಅವು ತಲೆಬುರುಡೆಯನ್ನು ಒತ್ತತೊಡಗುತ್ತವೆ. ಇದನ್ನು ದೇಹದಂಡನೆಯ ಮೂಲಕ ನಾದಬ್ರಹ್ಮದ ಉಪಾಸನೆ ಎಂಬ ನೆಲೆಯಲ್ಲಿ ಓದಿಕೊಳ್ಳಬೇಕು.

(ಈ) ಸಮರೇಖಾ ಮಂದ್ರ. ಉದಾಹರಣೆ: ಆಡೀಜ್ ಎಲ್‌ಸಿಡಿ-2, ಹೈಫೈಮ್ಯಾನ್ ಸುಂದರ. ಇವು ಪ್ಲೇನಾರ್ ಜಾತಿಯವು. ಅಯಸ್ಕಾಂತಗಳ ಎದುರು ಬಿಗಿದ ತೆಳುಹಾಳೆಯ ಮೇಲೆ ತಂತಿಯ ಗೆರೆಗಳು ಹರಡಿರುತ್ತವೆ. ಹಾಳೆ ಇಡಿಯಾಗಿ ಕಂಪಿಸುತ್ತದೆ. ಪ್ಯಾಡ್ ಸರಿಯಾಗಿ ಕೂತರೆ ಬಾಸ್ 30 ಹರ್ಟ್ಸ್‌ನವರೆಗೂ ಸೊರಗದೆ ಇಳಿಯುತ್ತದೆ. ಎಲ್‌ಸಿಡಿ-2ರ ತೂಕ ಅರ್ಧ ಕೆಜಿಯ ಆಸುಪಾಸು. ರಾಗ ವಿಸ್ತಾರವಾದಷ್ಟೂ ಕತ್ತು ಕುಸಿಯುತ್ತದೆ.

(ಉ) ಪ್ರಪಲಾಯಿತ ಮಂದ್ರ. ಉದಾಹರಣೆ: ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜೋಸೆಫ್ ಗ್ರಾಡೊ 1953ರಲ್ಲಿ ಶುರುಮಾಡಿದ ಕುಟುಂಬದ ಕಂಪನಿಯ ಎಸ್‌ಆರ್60. ಕಿವಿಯ ಮೇಲೆ ತುರಿಸುವ ಸ್ಪಂಜು. ಗಾಳಿಗೆ ನಾಲ್ಕೂ ಕಡೆ ದಾರಿ. ಗಿಟಾರ್ ಜೀವಂತ, ಬಾಸ್ ಪರಾರಿ.

(ಊ) ಆರನೆಯದಕ್ಕೆ 'ಅನುನಾದಾವಶಿಷ್ಟ-ಸಂಕರಜ ಮಂದ್ರ' ಎಂದು ಹೆಸರಿಟ್ಟುಕೊಂಡಿದ್ದೆ. ಅದಕ್ಕೆ ಒಂದು ಉದಾಹರಣೆ ಹುಡುಕಬೇಕು, ಆಮೇಲೆ ಇನ್ನೂ ಆರು ಹೆಸರು ಕಟ್ಟಬೇಕು. ಬೇಡ. ಪ್ರಭೇದಗಳು ಹನ್ನೆರಡಿಲ್ಲ. ಹನ್ನೆರಡೆಂದರೆ ತೂಕ ಬರುತ್ತದೆಂದು ಹೇಳಿದ್ದು. ವಿಮರ್ಶಕರೂ ಹೀಗೇ ಮಾಡುತ್ತಾರೆ: ಬಾಸ್, ಮೇಲ್‌ಬಾಸ್, ನಡುಬಾಸ್, ಒಳಬಾಸ್ ಎಂದು ಪಟ್ಟಿ ಮಾಡಿ, ಕೊನೆಗೆ ಬೆಲೆ ಬರೆಯುತ್ತಾರೆ.

ಅಧ್ಯಾಯ 5: ಇದ್ದದ್ದು ಇದ್ದ ಹಾಗೆ

ಇರುವುದು ಇಷ್ಟು. ಹೆಡ್‌ಫೋನಿನ ಪರದೆ ಗಾಳಿಯನ್ನು ಮುಂದಕ್ಕೆ ತಳ್ಳಿದಾಗ ಹಿಂದೆ ಎಳೆಯುತ್ತದೆ. ಹಿಂಬದಿ ತೆರೆದಿರುವುದರಿಂದ ಹಿಂದಿನ ಅಲೆಯೂ ಹೊರಬರುತ್ತದೆ. ಪ್ಯಾಡಿನ ಸಂದಿನಲ್ಲಿ ಮುಂದಿನ ಅಲೆ ಸೋರಿ ಹಿಂದಿನದನ್ನು ಕೂಡಿಕೊಂಡರೆ ಒಂದನ್ನೊಂದು ಹೊಡೆದುಹಾಕುತ್ತವೆ. ಅಲೆ ಉದ್ದವಾದಷ್ಟೂ ಹೀಗಾಗುವುದು ಹೆಚ್ಚು, ಹಾಗಾಗಿ ಮೊದಲು ಸಾಯುವುದು ಬಾಸ್. ಅಮ್ಮನಿಗೆ ಸೊಳ್ಳೆ ಕೇಳಿಸಿದ್ದು ಇದಕ್ಕೇ: ಹೆಡ್‌ಫೋನಿನಿಂದ ಒಂದು ಮೊಳ ದೂರಕ್ಕೆ ಬಾಸ್ ತಲುಪುವುದೇ ಇಲ್ಲ, ಕೀರಲು ದನಿಯಷ್ಟೇ ತಲುಪುತ್ತದೆ.

ಕನ್ನಡಕದ ಕಡ್ಡಿ ಪ್ಯಾಡಿನಡಿ ಸಿಕ್ಕಿಕೊಂಡರೆ ಬಾಸ್ ಕಡಿಮೆಯಾಗುತ್ತದೆ. ಪ್ಯಾಡ್ ಹಳತಾಗಿ ಚಪ್ಪಟೆಯಾದರೆ ದನಿ ಬದಲಾಗುತ್ತದೆ. ಎಚ್‌ಡಿ 600ರದ್ದು ಹೆಸರಿಗೆ 300 ಓಮ್ ಆದರೂ 100 ಹರ್ಟ್ಸ್ ಹತ್ತಿರ ಅದರ ಪ್ರತಿರೋಧ ಬಹಳ ಮೇಲೇರುತ್ತದೆ. ಹಲವು ವಾಲ್ವ್ ಆಂಪ್ಲಿಫೈಯರುಗಳ ಹೊರಪ್ರತಿರೋಧ ಹೆಚ್ಚಿರುವುದರಿಂದ ಅಲ್ಲಿ ವೋಲ್ಟೇಜ್ ತುಸು ಹೆಚ್ಚಾಗಿ ಸಿಗುತ್ತದೆ, ಬಾಸ್ ಒಂದಿಷ್ಟು ಉಬ್ಬುತ್ತದೆ. ವಾಲ್ವಿನ 'ಬೆಚ್ಚನೆಯ ಆತ್ಮ' ಎಂದು ಪುಟಗಟ್ಟಲೆ ಬರೆದದ್ದರ ದೊಡ್ಡ ಪಾಲು ಈ ಗುಣಾಕಾರ-ಭಾಗಾಕಾರ. ಡಬಲ್ ಬಾಸಿನ ಅತಿ ಕೆಳಗಿನ ತಂತಿ 41 ಹರ್ಟ್ಸ್, ಪಿಯಾನೊದ ಕೊನೆಯ ಮನೆ 27.5. ಮೂಲಸ್ವರ ಕೇಳಿಸದಿದ್ದರೂ ಅದರ ಮೇಲಿನ ಅಂಶಸ್ವರಗಳಿಂದ ಮಿದುಳು ಮೂಲವನ್ನು ಊಹಿಸಿಕೊಳ್ಳುತ್ತದೆ. ಮೊಬೈಲಿನ ಪುಟಾಣಿ ಸ್ಪೀಕರಿನಲ್ಲೂ ಮೃದಂಗ ಮೃದಂಗವೆಂದು ಗೊತ್ತಾಗುವುದು ಈ ಉಪಕಾರದಿಂದ.

ಇಷ್ಟು ಹೇಳಲು ಎರಡು ಪ್ಯಾರಾ ಸಾಕಾಯಿತು. ಹಾಗಾದರೆ ಉಳಿದ ಸಾವಿರಾರು ಪುಟಗಳು ಯಾರಿಗಾಗಿ?

ಬೆಂಗಳೂರಿನ ಒಂದು ಅಂಗಡಿಯ ಗಾಜಿನ ಕೋಣೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಮೊದಲ ಕೆಲಸದ ಸಂಬಳದಲ್ಲಿ ಹೆಡ್‌ಫೋನ್ ಕೊಳ್ಳಲು ಬಂದಿದ್ದ ಹುಡುಗನೊಬ್ಬನಿಗೆ ಅಲ್ಲಿನ ತಜ್ಞರು ಎರಡು ಕೇಬಲ್ ಹಾಕಿ ಕೇಳಿಸುತ್ತಿದ್ದರು, ಒಂದು ತಾಮ್ರದ್ದು, ಒಂದು ಬೆಳ್ಳಿಯದು. ಹಾಡು ಎಂದಿನಂತೆ ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ', 1994ರ ವೇದಿಕೆಯ ಆವೃತ್ತಿ. ಅದರ ಶುರುವಿನ ಡ್ರಮ್ಮಿನ ಏಟು ಲೋಕದ ಹೆಡ್‌ಫೋನ್ ಅಂಗಡಿಗಳಲ್ಲಿ ಅಂದಿನಿಂದ ಬೀಳುತ್ತಲೇ ಇದೆ. ಹುಡುಗ, 'ಎರಡೂ ಒಂದೇ ಥರ ಇದೆ ಸರ್' ಎಂದ. ತಜ್ಞರು ಮುಗುಳ್ನಕ್ಕರು. 'ನಿಮ್ಮ ಕಿವಿ ಇನ್ನೂ ಪಳಗಿಲ್ಲ ಬ್ರೋ. ಇನ್ನೊಂದ್ಸಲ ಕೇಳಿ. ಬೆಳ್ಳೀದ್ರಲ್ಲಿ ಬಾಸ್‌ಗೆ ಒಂದು ಗಾಂಭೀರ್ಯ ಇದೆ.' ಹುಡುಗ ಕಣ್ಣು ಮುಚ್ಚಿ ಮತ್ತೆ ಕೇಳಿದ. ಅವನ ಮುಖ ಕೆಂಪಾಗಿತ್ತು. 'ಹೌದು ಸರ್... ಏನೋ ಸ್ವಲ್ಪ ಗೊತ್ತಾಗ್ತಿದೆ' ಎಂದ. ಬಿಲ್ ಆಯಿತು.

ಅವನ ಕಿವಿ ಸರಿಯಾಗಿಯೇ ಇತ್ತು. ಆ ಕೋಣೆಯಲ್ಲಿ ಸರಿಯಾಗಿದ್ದುದು ಅದೊಂದೇ. ಅದನ್ನೇ ಅವನು ನಂಬದ ಹಾಗೆ ಮಾಡಿ ಕಳಿಸಿದರು. ಇದಕ್ಕೆ ಸಂಸ್ಕೃತದ ಸಮಾಸಪದ ಕಟ್ಟಲು ನನಗೆ ಮನಸ್ಸಿಲ್ಲ. ಕನ್ನಡದಲ್ಲಿ ಮೋಸ ಎನ್ನುತ್ತಾರೆ.

ಇನ್ನೊಂದು ಉಪದೇಶವಿದೆ: ಹೊಸ ಹೆಡ್‌ಫೋನನ್ನು ಇನ್ನೂರು ಗಂಟೆ ನುಡಿಸಿ, ಆಮೇಲೆ ಬಾಸ್ 'ಅರಳುತ್ತದೆ'. ಇನ್ನೂರು ಗಂಟೆಯಲ್ಲಿ ಪ್ಯಾಡ್ ಮೆತ್ತಗಾಗುತ್ತದೆ, ಕಿವಿ ಆ ದನಿಗೆ ಒಗ್ಗಿಕೊಳ್ಳುತ್ತದೆ, ಜೊತೆಗೆ ವಸ್ತುವನ್ನು ವಾಪಸ್ ಕೊಡುವ ಗಡುವೂ ಮುಗಿದಿರುತ್ತದೆ. ನಿಜಕ್ಕೂ ಅರಳುವುದು ಈ ಮೂರನೆಯದು.

ಬೆಲೆಯ ವಿಷಯವನ್ನೂ ಅಳೆದು ನೋಡಿದವರಿದ್ದಾರೆ. 2017ರಲ್ಲಿ ಯೆರೂನ್ ಬ್ರೀಬಾರ್ಟ್ 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯೊಂದಿಗೆ ಹೋಲಿಸಿ, ಬೆಲೆಗೂ ದನಿಯ ಏರಿಳಿತಕ್ಕೂ ಸಂಬಂಧ ಕಾಣಲಿಲ್ಲವೆಂದು ಪ್ರಕಟಿಸಿದರು. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತವರ ಸಂಗಡಿಗರು, ಯಾವ ಹೆಡ್‌ಫೋನೆಂದು ಕೇಳುಗರಿಗೆ ತಿಳಿಸದೆ ಪರೀಕ್ಷೆ ಮಾಡಿದರು. ಹೆಚ್ಚಿನವರು ಮೆಚ್ಚಿದ್ದು ಒಂದೇ ಬಗೆಯ ದನಿ: ಕೆಳಗೆ ತುಸು ಎತ್ತಿದ ಬಾಸ್, ಮೇಲೆ ತಗ್ಗಿದ ಚೂಪು. ಬ್ರ್ಯಾಂಡಿನ ಹೆಸರು ಮುಚ್ಚಿಟ್ಟರೆ ಜನಸಾಮಾನ್ಯರ ಕಿವಿಗಳು ಬಹುಮಟ್ಟಿಗೆ ಒಮ್ಮತಕ್ಕೆ ಬರುತ್ತವೆ. ಪಂಥಗಳು ಹುಟ್ಟುವುದು ಹೆಸರು ಕಂಡ ಮೇಲೆ.

ಅಧ್ಯಾಯ 6: ಶಿಫಾರಸುಗಳು

ಪದ್ಧತಿಯಂತೆ ಶಿಫಾರಸು ಮಾಡಬೇಕು. ಬಾಸ್ ಕಡಿಮೆಯೆನಿಸಿದರೆ ಮೊದಲು ಪ್ಯಾಡ್ ಬದಲಾಯಿಸಿ. ಆಮೇಲೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬಿಟ್ಟಿ ಸಿಗುವ ಈಕ್ವಲೈಜರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗೆ ಮೂರು-ನಾಲ್ಕು ಡೆಸಿಬೆಲ್ ಏರಿಸಿ. ವಿಪರೀತ ಏರಿಸಿದರೆ ಪರದೆ ಒದರುತ್ತದೆ. ಬೆಳ್ಳಿಯನ್ನು ಅಕ್ಕಸಾಲಿಗರಿಗೆ ಬಿಡಿ.

ಕಛೇರಿಗೆ ಮುಂಚೆ ಮೃದಂಗ ವಿದ್ವಾಂಸರನ್ನು ಹತ್ತಿರದಿಂದ ನೋಡಿ. ನೀರಿನಲ್ಲಿ ಕಲಸಿದ ರವೆಯ ಮುದ್ದೆಯನ್ನು ಎಡಗಡೆಯ ಚರ್ಮಕ್ಕೆ ಮೆತ್ತುತ್ತಾರೆ, ಬೆರಳಿನಿಂದ ಹರಡುತ್ತಾರೆ, ಎರಡು ಏಟು ಹಾಕುತ್ತಾರೆ. ದನಿ ಇಳಿಯದಿದ್ದರೆ ಇನ್ನಿಷ್ಟು ಮೆತ್ತುತ್ತಾರೆ, ಜಾಸ್ತಿಯಾದರೆ ಉಗುರಿನಲ್ಲಿ ಚೂರು ಕಿತ್ತು ತೆಗೆಯುತ್ತಾರೆ. ಪಕ್ಕದಲ್ಲಿ ತಂಬೂರಿ ನುಡಿಯುತ್ತಿರುತ್ತದೆ, ಅದರೊಂದಿಗೆ ಸೇರಿದರೆ ಆಯಿತು. ಬಾಸ್ ಎಷ್ಟಿರಬೇಕು ಎಂಬ ಪ್ರಶ್ನೆಗೆ ಎರಡೇ ನಿಮಿಷದಲ್ಲಿ ಉತ್ತರ. ಕೆನೆಗಟ್ಟಿದೆಯೇ, ನಾಚುತ್ತಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಹಾಡು ಶುರುವಾಗಬೇಕಲ್ಲ.

ನನ್ನ ಸಂಕಟ ಇರುವುದು ಅಲ್ಲೇ. ನಮ್ಮಲ್ಲಿ ಹಾಡು ಶುರುವಾಗುವುದೇ ಇಲ್ಲ. ಪಲ್ಲವಿ ಎರಡನೇ ಸಲ ಬರುವ ಮೊದಲು ಹೆಡ್‌ಫೋನ್ ಬದಲಾಗುತ್ತದೆ. ಮೂವತ್ತು ಸೆಕೆಂಡ್ ಇದರಲ್ಲಿ, ಮೂವತ್ತು ಸೆಕೆಂಡ್ ಅದರಲ್ಲಿ. ಸಾವಿರ ಹಾಡುಗಳ ಆರಂಭ ಬಲ್ಲವರಿದ್ದಾರೆ, ಅವುಗಳಲ್ಲಿ ಹತ್ತರ ಅಂತ್ಯ ಬಲ್ಲವರಿಲ್ಲ. ರಾಗ ಯಾವುದೆಂದು ಕೇಳಿದರೆ ತಂತಿಯ ಲೋಹ ಯಾವುದೆಂದು ಹೇಳುತ್ತಾರೆ.

1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದಾಗ ಮೈಕ್ ಇರಲಿಲ್ಲ. ತವರದ ಕಹಳೆಯೊಳಕ್ಕೆ ಮುಖವಿಟ್ಟು ಹಾಡಬೇಕಿತ್ತು. ವಿದ್ಯುತ್ತಿನ ಧ್ವನಿಮುದ್ರಣ ಬಂದದ್ದು 1925ರಲ್ಲಿ. ಅದಕ್ಕೂ ಮೊದಲಿನ ಕಹಳೆಗೆ ಬಾಸ್ ಹಿಡಿಯುವ ಶಕ್ತಿ ಇರಲಿಲ್ಲ, ತೀರಾ ಮೇಲಿನ ದನಿಯೂ ದಕ್ಕುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಆಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಮುಂದೆ ಮೈಸೂರು ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಆ ತಟ್ಟೆಗಳನ್ನು ಈ ಐದೂ ಬಗೆಯ ಹೆಡ್‌ಫೋನುಗಳಲ್ಲಿ ಹಾಕಿ ಕೇಳಿ. ಬಾಸಿನ ಮಟ್ಟಿಗೆ ಐದೂ ಒಂದೇ, ಏಕೆಂದರೆ ಅಲ್ಲಿ ಬಾಸೇ ಇಲ್ಲ. ಆ ಕರಕರದ ಹಿಂದಿನಿಂದ ಒಂದು ತಾನ್ ಮೇಲೇರಿ ಇಳಿಯುವಾಗ ಏನು ಕಡಿಮೆಯಾಗಿದೆ ಎಂದು ಯಾರಾದರೂ ತೋರಿಸಲಿ.

ಈ ವಿಷಯದಲ್ಲಿ ಹೆಚ್ಚಿನ ಸಂಶೋಧನೆಗೆ ವಿಪುಲ ಅವಕಾಶಗಳಿವೆ ಎಂದು ಬರೆದು ಪ್ರಬಂಧ ಮುಗಿಸುವುದು ರೂಢಿ. ಅವಕಾಶಗಳಿವೆ, ನಿಜ. ದಯವಿಟ್ಟು ಯಾರೂ ಬಳಸಿಕೊಳ್ಳಬೇಡಿ. ಕಿವಿಗೆ ಸಿಕ್ಕಿದ್ದನ್ನು ಸಿಕ್ಕಿಸಿಕೊಂಡು ಒಂದು ಹಾಡನ್ನು ಪೂರ್ತಿ ಕೇಳಿ, ಮಂಗಳದವರೆಗೆ.