ಹದಿನೇಳು ರತ್ನದ ವಾಚು

ತಂಗಿ ಫೋನು ಮಾಡಿದ್ದು ರಾತ್ರಿ ಹತ್ತು ಗಂಟೆಗೆ. ಆ ಹೊತ್ತಿನಲ್ಲಿ ಅವಳ ಫೋನು ಬಂತೆಂದರೆ ಒಂದೋ ನೆಂಟರಲ್ಲಿ ಯಾರೋ ಹೋಗಿರಬೇಕು, ಇಲ್ಲವೇ ನನ್ನ ಜೇಬಿನಿಂದ ಏನೋ ಹೋಗಬೇಕು. "ಪುಟ್ಟಿಯ ಘಟಿಕೋತ್ಸವ ಮುಂದಿನ ತಿಂಗಳು. ನೀನು ಸೋದರಮಾವ. ಕವರಿಗೆ ದುಡ್ಡು ತುರುಕಿ ಕೈ ತೊಳ್ಕೋಬೇಡ. ಏನಾದ್ರೂ ಉಳಿಯೋವಂಥದ್ದು ಕೊಡು" ಎಂದಳು. ಕವರಿನಲ್ಲಿ ಕೊಟ್ಟದ್ದೂ ಉಳಿಯುತ್ತದೆ, ಬ್ಯಾಂಕಿಗೆ ಹಾಕಿದರೆ ಬೆಳೆಯುತ್ತದೆ ಕೂಡ ಎಂದು ಹೇಳುವಷ್ಟರಲ್ಲಿ ಫೋನು ಇಟ್ಟಿದ್ದಳು.

ವಾಚು ಕೊಡೋಣ ಎಂದೆ. ಹೆಂಡತಿ ಸಾರಿನ ಸೌಟನ್ನು ಅರ್ಧಕ್ಕೇ ನಿಲ್ಲಿಸಿ, "ನೀವಾ? ವಾಚಾ?" ಎಂದಳು. ಅವಳ ಅನುಮಾನಕ್ಕೆ ಆಧಾರ ಇಲ್ಲದಿಲ್ಲ. ನಮ್ಮ ಮದುವೆಯ ವರಪೂಜೆಗೆ ನಾನು ಒಂದು ಗಂಟೆ ತಡವಾಗಿ ಛತ್ರ ಮುಟ್ಟಿದವನು. ಅವಳ ಚಿಕ್ಕಪ್ಪ ಬಾಗಿಲಲ್ಲಿ ನಿಂತು, ವರ ಸಿಗದೆ ಬರಿಯ ಪೂಜೆ ಶುರು ಮಾಡಿದ್ದೇವೆ ಎಂದದ್ದನ್ನು ಇಪ್ಪತ್ತೆಂಟು ವರ್ಷಗಳಿಂದ ಎಲ್ಲ ಸಮಾರಂಭಗಳಲ್ಲೂ ಹೇಳುತ್ತ ಬಂದಿದ್ದಾರೆ.

ಆದರೆ ಘಟಿಕೋತ್ಸವಕ್ಕೆ ವಾಚಿಗಿಂತ ಹೊಂದುವ ಉಡುಗೊರೆ ಇನ್ನೇನಿದೆ? ಪದದಲ್ಲೇ ಗಡಿಯಾರ ಕೂತಿದೆ. ಘಟಿಕಾ ಎಂದರೆ ಗಳಿಗೆ, ಇಪ್ಪತ್ನಾಲ್ಕು ನಿಮಿಷ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ. ಹಿಂದೆ ಮದುವೆಯ ಮುಹೂರ್ತವನ್ನೂ ಹೀಗೇ ನೋಡುತ್ತಿದ್ದರು. ಬಟ್ಟಲು ಮುಳುಗಿದಾಗ ವರನೂ ಮುಳುಗಿದ. ಇನ್ನೊಂದು ಕಡೆ ಘಟಿಕಾ ಎಂದರೆ ವಿದ್ಯಾಕೇಂದ್ರ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನ ಹೇಳುವಂತೆ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲು ಹೋದದ್ದು ಕಂಚಿಯ ಘಟಿಕೆಗೆ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದಿದ್ದ ಕೈಯಲ್ಲಿ ಕತ್ತಿ ಹಿಡಿದು, ಕದಂಬ ರಾಜ್ಯವನ್ನೇ ಕಟ್ಟಿದ. ಅಂದರೆ ನಮ್ಮ ನಾಡಿನ ಚರಿತ್ರೆ ಶುರುವಾಗುವುದೇ ಓದು ಮುಗಿಸದ ಒಬ್ಬ ಹುಡುಗನಿಂದ. ಇದನ್ನು ಪುಟ್ಟಿಗೆ ಮೊದಲೇ ಹೇಳಿರಲಿಲ್ಲ, ಪುಣ್ಯ. ಆರನೇ ಸೆಮಿಸ್ಟರಿನಲ್ಲಿ ಒಂದು ಪೇಪರು ಉಳಿದಾಗ ಅವಳಿಗೆ ಬೇಕಿದ್ದದ್ದು ಇಂಥ ಪೂರ್ವಿಕರೇ.

ಜಯನಗರದ ಒಂದು ದೊಡ್ಡ ಅಂಗಡಿಗೆ ಹೋದೆ. ಒಳಗೆ ನೂರಾರು ವಾಚುಗಳು, ಎಲ್ಲದರಲ್ಲೂ ಹತ್ತು ಗಂಟೆ ಹತ್ತು ನಿಮಿಷ. ಮುಳ್ಳುಗಳು ಕಂಪನಿಯ ಹೆಸರನ್ನು ಮುಚ್ಚಬಾರದು, ಮುಖ ನಗುತ್ತಿರುವಂತೆ ಕಾಣಬೇಕು ಎಂದು ಹಾಗೆ ಇಡುತ್ತಾರೆ. ಬೆಲೆಚೀಟಿ ನೋಡಿದ ಮೇಲೆ ನಗುತ್ತಿದ್ದದ್ದು ವಾಚು ಮಾತ್ರ.

ಮಾರುವ ಹುಡುಗ ಮೊದಲು ಒಂದು ಕಪ್ಪು ವಾಚು ತೆಗೆದ. ಅದರ ಅಂಚಿನ ತುಂಬ ಅಂಕಿಗಳು. "ಟ್ಯಾಕಿಮೀಟರ್ ಸರ್, ಗಾಡಿ ಎಷ್ಟು ಸ್ಪೀಡಲ್ಲಿ ಹೋಗ್ತಿದೆ ಅಂತ ಹೇಳುತ್ತೆ." ಹೇಗೆ ಎಂದರೆ, ಒಂದು ಕಿಲೋಮೀಟರು ದಾಟಲು ಎಷ್ಟು ಸೆಕೆಂಡು ಎಂದು ಅಳೆಯಬೇಕು, ಒಂದು ನಿಮಿಷದೊಳಗೆ ದಾಟಿದರೆ ಮಾತ್ರ ಅಂಕಿ ಸಿಗುತ್ತದೆ. ಪುಟ್ಟಿಗೆ ಕೆಲಸ ಸಿಕ್ಕಿರುವುದು ಸಿಲ್ಕ್ ಬೋರ್ಡಿನ ಆಚೆ. ಅದನ್ನು ಬದಿಗಿಡಿಸಿದೆ. ಇನ್ನೊಂದು ಮೂವತ್ತು ಮೀಟರು ನೀರು ತಡೆಯುತ್ತದೆ ಎಂದ. ಹಾಗಾದರೆ ಹಾಕಿಕೊಂಡು ಈಜಬಹುದೇ? "ಅಯ್ಯೋ ಬೇಡಿ ಸರ್, ಮೂವತ್ತು ಅಂದ್ರೆ ಕೈ ತೊಳೀಬಹುದು ಅಷ್ಟೇ. ಈಜೋಕೆ ನೂರು ಬೇಕು." ಮೂವತ್ತು ಮೀಟರು ಆಳದ ಬಾವಿಯಲ್ಲಿ ನಿಂತು ಯಾರು ಕೈ ತೊಳೆಯುತ್ತಾರೋ! ಮೂರನೆಯದು ಕ್ವಾರ್ಟ್ಜ್. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ತಿಂಗಳಿಗೆ ಹತ್ತಿಪ್ಪತ್ತು ಸೆಕೆಂಡಿನ ಮೇಲೆ ತಪ್ಪುವುದಿಲ್ಲ ಎಂದ. ಒಳ್ಳೆಯದೇ. ಹೊಸೂರಿನಿಂದ ಬಂದ ಟೈಟಾನ್ ವಾಚುಗಳು ನಮ್ಮ ಕಾಲದಲ್ಲಿ ಇದನ್ನೇ ಮನೆಮನೆಗೆ ತಲುಪಿಸಿದವು. ಮೊಜಾರ್ಟನ ಇಪ್ಪತ್ತೈದನೇ ಸಿಂಫನಿ ಎಲ್ಲಿ ಕೇಳಿದರೂ ಟೈಟಾನ್ ಜಾಹೀರಾತು ಎಂದು ತಲೆದೂಗುವ ಪೀಳಿಗೆ ನಮ್ಮದು. ಆದರೆ ಪುಟ್ಟಿಯ ಎಡಗೈಯಲ್ಲಿ ಆಗಲೇ ಒಂದು ಸ್ಮಾರ್ಟ್‌ವಾಚಿದೆ. ಬೆಳಿಗ್ಗೆ ಎದ್ದು ಅದನ್ನು ನೋಡಿ, "ನಿನ್ನೆ ರಾತ್ರಿ ನಂಗೆ ನಿದ್ದೆ ಬಂದಿಲ್ವಂತೆ ಮಾವ" ಎಂದು ಆಕಳಿಸುವವಳು ಅವಳು. ಅಂಥವಳಿಗೆ ಬರೀ ಗಂಟೆ ಹೇಳುವ ವಾಚನ್ನು ನನ್ನ ಒಂದು ತಿಂಗಳ ಪಿಂಚಣಿ ಕೊಟ್ಟು ತೆಗೆದುಕೊಡುವುದೇ?

ಆಗ ನೆನಪಾದದ್ದು ಅಪ್ಪನ ವಾಚು. ಭಾವನೆಗೆ ಬೆಲೆ ಕಟ್ಟಲಾಗುವುದಿಲ್ಲ. ಹಾಗಾಗಿ ಖರ್ಚೂ ಇಲ್ಲ.

ಅಪ್ಪನದು ಎಚ್‌ಎಂಟಿ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೈಗಡಿಯಾರ ಅದು, ಮೊದಲ ವಾಚುಗಳನ್ನು ಬಿಡುಗಡೆ ಮಾಡಿದ್ದು ನೆಹರೂ. ಅಪ್ಪ ಇದನ್ನು ಹೇಳುವ ರೀತಿಯಲ್ಲಿ ನೆಹರೂ ಖುದ್ದಾಗಿ ಬಂದು ಇವರ ಕೈಗೇ ಕಟ್ಟಿಹೋದಂತೆ ಇರುತ್ತಿತ್ತು. ನಿಜದಲ್ಲಿ ಅದು ಸಿಕ್ಕಿದ್ದು 1973ರಲ್ಲಿ, ಜಾಲಹಳ್ಳಿ ಕಾರ್ಖಾನೆಯಲ್ಲಿದ್ದ ಷಡ್ಡಕನ ಕೈಕಾಲು ಹಿಡಿದು. ಬಿಳಿಯ ಮುಖ, ಬಡಕಲು ಮುಳ್ಳುಗಳು, ಕೆಳಗೆ ಇಂಗ್ಲಿಷಿನಲ್ಲಿ '17 ಜ್ಯುವೆಲ್ಸ್'. ಹದಿನೇಳು ರತ್ನ! ನವರತ್ನಕ್ಕೇ ಒಂಬತ್ತು. ಗಾಲಿಗಳ ಅಚ್ಚು ಸವೆಯದಿರಲೆಂದು ಕೂರಿಸುವ, ಕಾರ್ಖಾನೆಯಲ್ಲೇ ತಯಾರಾದ ಸಾಸಿವೆಯಷ್ಟರ ಮಾಣಿಕ್ಯದ ಚೂರುಗಳು ಅವು ಎಂದು ಅಜ್ಜಿಗೆ ಯಾರೂ ಹೇಳಲಿಲ್ಲ. ಆಕೆ ಕೊನೆಯವರೆಗೂ ಮಗ ಸ್ನಾನಕ್ಕೆ ಹೋದಾಗ ವಾಚಿನ ಹತ್ತಿರವೇ ಕಾವಲು ಕೂರುತ್ತಿದ್ದರು.

ಅಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮುಂಚಿನ ಪಿಂ ಪಿಂ ಕೇಳಿ ವಾಚಿಗೆ ಕೀ ಕೊಡುವುದು, ಆಮೇಲೆ ಅದನ್ನು ಸರಿಯಾಗಿ ನಾಲ್ಕು ನಿಮಿಷ ಮುಂದಿಡುವುದು, ಇದು ಸಂಧ್ಯಾವಂದನೆಗಿಂತ ತಪ್ಪದ ಕರ್ಮ. ನಾಲ್ಕು ನಿಮಿಷ ಯಾಕೆ ಎಂದರೆ ಬಸ್ಸು ತಪ್ಪಬಾರದು. ಬಸ್ಸಿನವನು ಯಾವ ವಾಚನ್ನೂ ನೋಡುತ್ತಿರಲಿಲ್ಲ ಎಂಬುದು ಬೇರೆ ಮಾತು. ತಿಪಟೂರು, ಅರಸೀಕೆರೆ, ಕಡೂರು, ಎಲ್ಲಿಗೆ ವರ್ಗವಾದರೂ ನಮ್ಮ ಮನೆ ಊರಿಗಿಂತ ನಾಲ್ಕು ನಿಮಿಷ ಮುಂದೆ ಇರುತ್ತಿತ್ತು. ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೆಳಗಿಡುವ ಮೊದಲು ಅಪ್ಪ ತೋಳು ಮುಂದೆ ಚಾಚಿ ಹೇಳುತ್ತಿದ್ದ ಮಾತು ಒಂದೇ: "ತಗೊಂಡು ಇಷ್ಟು ವರ್ಷ ಆಯ್ತು ನೋಡಿ. ಒಂದೇ ಒಂದು ದಿನ ರಿಪೇರಿಗೆ ಹೋಗಿಲ್ಲ!" ನನ್ನ ಸೋಮಾರಿತನಕ್ಕೂ ಇದೇ ಗಾದೆ. "ಆ ವಾಚು ನೋಡಿ ಕಲಿ" ಎಂದು ಬೈಸಿಕೊಂಡೇ ಡಿಗ್ರಿ ಮುಗಿಸಿದವನು ನಾನು.

ಬೀರುವಿನಲ್ಲಿ, ಅಮ್ಮನ ಕುಂಕುಮದ ಭರಣಿಯ ಪಕ್ಕ, ವಾಚು ನಿಂತುಹೋಗಿತ್ತು. ಚಿಕ್ಕಪೇಟೆಯ ಕಡೆ ಒಂದು ಸಂದಿಯಲ್ಲಿ, ಎರಡು ಸೀರೆ ಅಂಗಡಿಗಳ ನಡುವೆ ಪುಸ್ತಕದ ಗುರುತುಪಟ್ಟಿಯ ಹಾಗೆ ಸಿಕ್ಕಿಕೊಂಡಿರುವ ಒಂದು ವಾಚು ರಿಪೇರಿ ಅಂಗಡಿಯಿದೆ. ಅಲ್ಲಿಗೆ ಒಯ್ದೆ. ಸಾಹೇಬರಿಗೆ ಎಪ್ಪತ್ತು ದಾಟಿರಬೇಕು. ವಾಚನ್ನು ಕಿವಿಗೆ ಹಿಡಿದರು, ಅಂಗೈಯಲ್ಲಿ ತೂಗಿದರು. "ಕಾರ್ಖಾನೆ ನಡೀತಿದ್ದಾಗ ಇದನ್ನ ಕೇಳೋರಿಲ್ಲ. 2016ರಲ್ಲಿ ಮುಚ್ತೀವಿ ಅಂದ ಮೇಲೆ ಎಲ್ಲರಿಗೂ ಬೇಕು. ಮನುಷ್ಯರ ಹಾಗೇ" ಎಂದರು. ನಾನು ಅಭ್ಯಾಸಬಲದಿಂದ, "ಒಂದೇ ಒಂದು ದಿನ ರಿಪೇರಿಗೆ ಬಂದಿಲ್ಲ ನೋಡಿ" ಎಂದೆ.

ಸಾಹೇಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚೂಪು ಅಲಗಿನಿಂದ ಹಿಂದಿನ ಮುಚ್ಚಳವನ್ನು ಟಕ್ಕೆಂದು ಎಬ್ಬಿಸಿದರು. ಒಳಗೆ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಒಳಗೆ ನೋಡಿದರು.

"ಒಂಬತ್ತು ಸಲ ಬಂದಿದೆ ಸ್ವಾಮಿ."

ವಾಚು ರಿಪೇರಿ ಮಾಡುವವರಿಗೆ ಒಂದು ಪದ್ಧತಿಯಿದೆಯಂತೆ. ಬಿಚ್ಚಿದ ವಾಚಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತು, ತಾರೀಖು ಗೀಚುವುದು. ಭೂತಗನ್ನಡಿ ನನಗೂ ಕೊಟ್ಟರು. ಬೆಳ್ಳಗೆ ಹೊಳೆಯುವ ಉಕ್ಕಿನ ಮೇಲೆ ಕೂದಲೆಳೆಯಂಥ ಗೀರುಗಳು, ಒಂದೊಂದೂ ಒಂದೊಂದು ಕೈಬರಹ. ಮೊದಲನೆಯದು 1974, ಅಂದರೆ ಕೊಂಡ ಮರುವರ್ಷವೇ. ಆಮೇಲೆ 77, 79. ಒಂದು ತಾರೀಖು ಮುದ್ದಾದ ಕನ್ನಡ ಅಂಕಿಗಳಲ್ಲಿ. ಒಂದರ ಪಕ್ಕ ಉರ್ದುವಿನಲ್ಲಿ ಏನೋ. ಸಾಹೇಬರು ಓದಿ, "ನೀರು ಹೋಗಿತ್ತು ಅಂತಿದೆ" ಎಂದರು. ಮೇನ್ ಸ್ಪ್ರಿಂಗು ಬದಲಾಗಿದೆ, ಕೀ ಕೊಡುವ ತಲೆ ಬದಲಾಗಿದೆ, ಗಾಜಂತೂ ಎಷ್ಟನೆಯದೋ. ಬೆಲ್ಟಿನ ಲೆಕ್ಕ ಬೇಡ.

ನನಗೆ ಒಂದೊಂದೇ ಹೊಳೆಯತೊಡಗಿತು. ಏಪ್ರಿಲ್ ಬಿಸಿಲಲ್ಲೂ ಅಪ್ಪ ಕೆಲವು ವಾರ ತುಂಬುತೋಳಿನ ಅಂಗಿ ತೊಟ್ಟು ಗುಂಡಿ ಹಾಕಿಕೊಂಡು ತಿರುಗುತ್ತಿದ್ದದ್ದು. ಆ ದಿನಗಳಲ್ಲಿ ಗಂಟೆ ಎಷ್ಟು ಎಂದು ಕೇಳಿದರೆ ತೋಳು ಮಡಿಸದೆ, "ಸ್ಕೂಲಿಗೆ ಲೇಟಾಯ್ತು, ಹೋಗು" ಎಂದು ಗದರುತ್ತಿದ್ದದ್ದು. ಹೆಡ್ಡಾಫೀಸಿನಲ್ಲಿ ಮೀಟಿಂಗು ಎಂದು ಭಾನುವಾರ ಹಾಸನಕ್ಕೆ ಹೋಗುತ್ತಿದ್ದದ್ದು. ಯಾವ ಅಂಚೆ ಕಚೇರಿ ಭಾನುವಾರ ಮೀಟಿಂಗು ಮಾಡುತ್ತದೆ? ಅಮ್ಮನಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಆ ಅಂಗಿಗಳಿಗೆ ಇಸ್ತ್ರಿ ಮಾಡುತ್ತಿದ್ದವಳು ಅವಳೇ.

ಸಾಹೇಬರು ಎಣ್ಣೆ ಕಾಣಿಸಿ, ಮೂವತ್ತು ಸುತ್ತು ಕೀ ಕೊಟ್ಟರು. ಒಳಗಿನ ಬ್ಯಾಲೆನ್ಸ್ ಚಕ್ರ ಒಮ್ಮೆ ನಡುಗಿ, ಆಚೀಚೆ ತೂಗತೊಡಗಿತು. ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000. ಕೂದಲಿಗಿಂತ ತೆಳುವಾದ ಸುರುಳಿ ತಂತಿ ಉಸಿರು ಎಳೆದಂತೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಆ ಅಂಗಡಿಯಲ್ಲಿ ಕಾಲು ಗಂಟೆ, ಅಂದರೆ ಅರ್ಧ ಗಳಿಗೆಗಿಂತ ಜಾಸ್ತಿಯೇ, ಅದನ್ನೇ ನೋಡುತ್ತ ನಿಂತಿದ್ದೆ. ಹಿಂದೆ ಒಬ್ಬರು ಗೋಡೆ ಗಡಿಯಾರ ಹಿಡಿದು ಕೆಮ್ಮುತ್ತಿದ್ದರು.

ಮುಚ್ಚಳದ ಹೊರಗೆ ನಾಲ್ಕಕ್ಷರ ಕೆತ್ತಿಸೋಣ ಎಂಬ ದುರ್ಬುದ್ಧಿ ಅಲ್ಲೇ ಹುಟ್ಟಿದ್ದು. ಎರಡು ಅಂಗಡಿ ಆಚೆ, ಸ್ಟೀಲ್ ಪಾತ್ರೆಗೆ ಹೆಸರು ಹಾಕುವವನು ಈಗ ಲೇಸರ್ ಯಂತ್ರ ಇಟ್ಟಿದ್ದಾನೆ. ಅಕ್ಷರಕ್ಕೆ ಇಪ್ಪತ್ತು ರೂಪಾಯಿ. 'ಪ್ರೀತಿಯ ಪುಟ್ಟಿಗೆ ಸೋದರಮಾವನಿಂದ' ಎಂದು ಬರೆದುಕೊಟ್ಟೆ. ಹದಿಮೂರು ಅಕ್ಷರ, ಇನ್ನೂರ ಅರವತ್ತು ಎಂದೆ. ಅವನು ಚೀಟಿಯನ್ನು ಬೆಳಕಿಗೆ ಹಿಡಿದು, "ಒತ್ತಕ್ಷರ ಬೇರೆ ಅಣ್ಣ" ಎಂದ.

"ಒತ್ತು ಅದೇ ಅಕ್ಷರದ ಭಾಗ ಕಣಯ್ಯ."

"ನಿಮಗೆ ಭಾಗ. ಮಿಷನ್ನಿಗೆ ಕೆಳಗೆ ಹೋಗಿ ಇನ್ನೊಂದು ಸಲ ಕೆತ್ತಬೇಕು. ಕ್ರಾವಡಿ ಹತ್ತು, ಟ ಒತ್ತು ಹತ್ತು. ಸೊನ್ನೆ ಫ್ರೀ."

"ದೀರ್ಘ?"

"ದೀರ್ಘಕ್ಕೆ ನಾನು ಯಾರ ಹತ್ತಿರಾನೂ ತಗೊಳ್ಳೋಲ್ಲ" ಎಂದ, ಧರ್ಮಿಷ್ಠನಂತೆ.

ಕನ್ನಡ ಮೇಷ್ಟರು ಕೇಳಿದ್ದರೆ ಎದೆಯೊಡೆದುಕೊಳ್ಳುತ್ತಿದ್ದರು. ಅಂತೂ ಇನ್ನೂರ ಎಂಬತ್ತಕ್ಕೆ ಒಪ್ಪಿದೆ. ಅವನು ಕಂಪ್ಯೂಟರಿನಲ್ಲಿ ಒತ್ತಿ, ಮೊದಲು ಒಂದು ಹಳೆಯ ಲೋಟದ ತಳಕ್ಕೆ ಹೊಡೆದು ತೋರಿಸಿದ. ಫಾಂಟು ಕೈಕೊಟ್ಟಿತ್ತು. ಪ್ರೀತಿಯ ಕ್ರಾವಡಿ ಕಳಚಿ ಪಕ್ಕದಲ್ಲಿ ಬಿದ್ದಿತ್ತು, ಪುಟ್ಟಿ ಎರಡು ತುಂಡಾಗಿದ್ದಳು, ಸೋದರಮಾವ ಮಾತ್ರ ಒತ್ತಿಲ್ಲದ ಕಾರಣ ಅಕ್ಷತನಾಗಿ ಉಳಿದಿದ್ದ. "ಇಂಗ್ಲಿಷಲ್ಲಿ ಹಾಕ್ಲಾ? ಆರ್ಡಿನರಿ ರೇಟು" ಎಂದ. ವಾಚು ಇಸಿದುಕೊಂಡು ಬಂದೆ. ಸಾಹೇಬರಿಗೆ ವಿಷಯ ಹೇಳಿದಾಗ ಅವರು ಮಾತಿಲ್ಲದೆ ಮುಚ್ಚಳ ತೆಗೆದು, ಸೂಜಿ ಹಿಡಿದು, ಒಂಬತ್ತರ ಕೆಳಗೆ ಹತ್ತನೆಯದನ್ನು ಗೀಚಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಭಾನುವಾರ ಸಂಜೆ ಐದೂವರೆಗೆ ತಂಗಿಯ ಮನೆ ತಲುಪಿದೆ. ಜೀವನದಲ್ಲಿ ಮೊದಲ ಸಲ ಹೇಳಿದ ಹೊತ್ತಿಗೆ ಸರಿಯಾಗಿ ಹೋದರೆ ಅದು ರಾಹುಕಾಲ. "ನಾಲ್ಕೂವರೆಯಿಂದ ಆರು. ಡಬ್ಬಿ ಹೊರಗೆ ತೆಗೀಬೇಡ" ಎಂದಳು ತಂಗಿ. ಎಲ್ಲರೂ ಚಕ್ಕುಲಿ ಮುರಿಯುತ್ತ ಕಾದೆವು. ಡಬ್ಬಿಯೊಳಗಿನ ವಾಚು ಆರು ತೋರಿಸಿತು, ಪುಟ್ಟಿಯ ಸ್ಮಾರ್ಟ್‌ವಾಚು ಐದು ಐವತ್ತಾರು ಎಂದಿತು. ಕೀ ಕೊಟ್ಟು ನಾಲ್ಕು ನಿಮಿಷ ಮುಂದಿಟ್ಟವನು ನಾನೇ. ಯಾಕೆ ಇಟ್ಟೆನೆಂದು ಕೇಳಿದರೆ ಉತ್ತರವಿರಲಿಲ್ಲ. ಆ ವಾಚನ್ನು ಹಾಗಲ್ಲದೆ ಬೇರೆ ಥರ ಇಟ್ಟದ್ದನ್ನು ನಾನು ನೋಡಿಯೇ ಇಲ್ಲ. ಸೋಫಾದ ಮೂಲೆಯಿಂದ ಅಮ್ಮ ತೀರ್ಪು ಕೊಟ್ಟಳು: "ಅವರ ವಾಚಲ್ಲಿ ಆರಾಯ್ತಲ್ಲ, ಕೊಡು."

ಎಡಗೈ ಖಾಲಿ ಇಲ್ಲದ್ದರಿಂದ ಪುಟ್ಟಿ ಬಲಗೈಗೆ ಕಟ್ಟಿಕೊಂಡಳು. ಕಿವಿಗೆ ಹಿಡಿದಳು. ಹುಬ್ಬು ಮೇಲೇರಿತು. ಎರಡೂ ಕೈ ಮುಂದೆ ಚಾಚಿ ಫೋಟೋ ತೆಗೆದಳು. ಆಮೇಲೆ, ಹಳೆಯ ಸ್ಕೂಟರು ಕೊಳ್ಳುವವರ ಗಾಂಭೀರ್ಯದಿಂದ, "ಐವತ್ತು ವರ್ಷ ದಾಟಿದೆಯಲ್ಲ ಮಾವ, ಇದು ಎಷ್ಟು ಸಲ ರಿಪೇರಿ ಆಗಿದೆ?" ಎಂದು ಕೇಳಿದಳು.

ಅಮ್ಮ ಚಕ್ಕುಲಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಒಂದೇ ಒಂದು ದಿನ ರಿಪೇರಿಗೆ ಹೋಗಿಲ್ಲ" ಎಂದೆ.