ಪುಟ್ಟಿಯ ಲೆಕ್ಕ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಪಕ್ಕದ ಮನೆ ಪುಟ್ಟಿ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಅಜ್ಜೀ, ಪೈಪಲ್ಲಿ ಬಿಟ್ಟಿದ್ದು ಎಷ್ಟು ಬಕೆಟ್ ಆಯ್ತು?" ಅಂದಳು. ಕೈಯಲ್ಲಿ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲ್ಲು. ಮನೆಗೆ ದಿನಕ್ಕೆ ಎಷ್ಟು ನೀರು ಖರ್ಚಾಗುತ್ತೆ ಅಂತ ಅಳೆದು ಬರೆಯಬೇಕಂತೆ, ಪರಿಸರದ ಹೋಂವರ್ಕು. ತಮ್ಮ ಮನೆ ಮುಗಿಸಿ ನನ್ನ ಮನೆಗೆ ಬಂದಿದ್ದಾಳೆ. ನಾನು ಮೆಲ್ಲಗೆ ನಲ್ಲಿ ತಿರುಗಿಸಿ, "ಎರಡು ಅಂತ ಬರ್ಕೋ" ಅಂದೆ. ಆರಾದರೂ ಆಗಿತ್ತು.

ಅವಳಮ್ಮ ಕಾಫಿ ಲೋಟ ಹಿಡಿದು ಬಂದಳು. "ಹೋದ ವರ್ಷವೇ ವಾಸಿ ಆಂಟಿ. ಥರ್ಮಾಕೋಲಲ್ಲಿ ಒಂದು ಮನೆ ಮಾಡ್ಕೊಟ್ಟೆ, ಮುಗೀತು. ಈ ಸಲ ಇವಳು ಬಚ್ಚಲ ಬಾಗಿಲು ತಟ್ಟಿ ಅವರಪ್ಪನ್ನ ಎಷ್ಟನೇ ಚೊಂಬು ಅಂತ ಕೇಳ್ತಾಳೆ. ತಲೆಗೆ 135 ಲೀಟರ್ ಸಾಕು ಅಂತ ಮಿಸ್ ಹೇಳಿದಾರಂತೆ."

ಆ ಥರ್ಮಾಕೋಲ್ ಮನೆ ನನಗೆ ಗೊತ್ತಿಲ್ಲವೇ! ಮಳೆಕೊಯ್ಲಿನ ಮಾದರಿ. ರಾತ್ರಿ ಹನ್ನೊಂದರವರೆಗೆ ಅಂಟು ಒಣಗಲಿ ಅಂತ ಗೋಡೆ ಹಿಡಿದು ಕೂತವಳು ನಾನೇ. ಜ್ಯೂಸ್ ಸ್ಟ್ರಾನೇ ಪೈಪು, ಶ್ರೀಖಂಡದ ಡಬ್ಬಿಯೇ ಸಂಪು. ಸಿರಿಂಜಿನಲ್ಲಿ ಸೂರಿನ ಮೇಲೆ ನೀಲಿ ನೀರು ಬಿಟ್ಟರೆ ತೊಟ್ಟೂ ಚೆಲ್ಲದೆ ಡಬ್ಬಿಗೆ ಇಳಿಯುತ್ತಿತ್ತು. ಪುಟ್ಟಿ ಅಷ್ಟು ಹೊತ್ತಿಗೆ ನಿದ್ದೆ ಹೋಗಿದ್ದಳು. ಮೊದಲ ಬಹುಮಾನ ಮಾತ್ರ ಅವಳಿಗೇ ಬಂತು. ಮೂರು ತಿಂಗಳು ಷೋಕೇಸಿನ ಮೇಲಿದ್ದು ಆಮೇಲೆ ತಾರಸಿ ಸೇರಿತು. ಅದರ ಬಿಳಿ ಕಾಳು ಇವತ್ತಿಗೂ ನನ್ನ ತುಳಸಿ ಕುಂಡದಲ್ಲಿ ಸಿಗುತ್ತೆ.

ಟೀಚರನ್ನು ಅಂದು ಏನು ಬಂತು? ಎಲ್ಲ ಹಂತದಲ್ಲೂ ಪರಿಸರ ಕಲಿಸಿ ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. 2003ರಲ್ಲಿ ಪಠ್ಯಕ್ರಮ ಮಾಡಿ ಅಂತ ಎನ್‌ಸಿಇಆರ್‌ಟಿಗೆ ಹೇಳಿತು. ಪಾಠ ಬಂದ ಮೇಲೆ ಅಂಕ ಬೇಡವೇ? ಅಂಕ ಅಂದಮೇಲೆ ಅಮ್ಮಂದಿರು ಕತ್ತರಿ ಹಿಡಿಯದೆ ಇರುತ್ತಾರೆಯೇ? ಆದರೆ ಈ ವರ್ಷದ ಟೀಚರಮ್ಮ ಜಾಣೆ. ಚಾರ್ಟೂ ಬೇಡ, ಮಾಡೆಲ್ಲೂ ಬೇಡ, ಚೊಂಬು ಎಣಿಸಿ ಅಂದುಬಿಟ್ಟಿದ್ದಾಳೆ. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ನೋಡಿ ಅದು.

ನಾನು ಚುಕ್ಕಿ ಇಡುತ್ತಾ ಕೂತೆ. ಪುಟ್ಟಿ ಬಿಡಲಿಲ್ಲ. "ಅಜ್ಜೀ, ಈ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬರುತ್ತೆ ಗೊತ್ತಾ? ನೂರು ಕಿಲೋಮೀಟರ್ ದೂರ, ಪಂಪ್ ಹಾಕಿ ಹಾಕಿ ಮೇಲೆತ್ತಬೇಕು."

"ಗೊತ್ತು ಕಣೆ," ಅಂದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕಾದು ಇದೇ ಕಾಂಪೌಂಡಿನ ಆಚೆ ಈಚೆ ನಿಂತಿದ್ದೆವಲ್ಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೆದರಿಸಿದ್ದೂ ಆಗಲೇ.

"ನಮ್ ತಾರಸಿ 80 ಚದರ ಮೀಟರ್. 1 ಮಿಲಿಮೀಟರ್ ಮಳೆ ಬಂದ್ರೆ 80 ಲೀಟರ್. ವರ್ಷಕ್ಕೆ 900 ಬಂದ್ರೆ..." ಪೆನ್ಸಿಲ್ಲು ಓಡಿತು. "72,000 ಲೀಟರ್! ಅಷ್ಟೂ ಎಲ್ಲಿಗೆ ಹೋಗತ್ತಮ್ಮಾ?"

"ಸಂಪಿಗೆ ಕಣೆ. ಪೈಪ್ ಹಾಕ್ಸಿದೀವಲ್ಲ, ಅದಿಲ್ದೆ ನೀರಿನ ಕನೆಕ್ಷನ್ನೇ ಕೊಡ್ತಿರ್ಲಿಲ್ಲ."

ಪುಟ್ಟಿಗೆ ನಂಬಿಕೆ ಬರಲಿಲ್ಲ. ಒಂದು ಬಕೆಟ್ ತುಂಬಿಕೊಂಡು ದಡದಡ ಮೆಟ್ಟಿಲು ಹತ್ತಿದಳು. ಮೇಲೆ ಸುರಿದ ಸದ್ದಾಯಿತು. ಅವಳಮ್ಮ ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡಿದಳು. ಒಳಗೆ ಸದ್ದಿಲ್ಲ. ನಾನು ಕೊನೆಯ ಎಳೆ ಸೇರಿಸುತ್ತಿದ್ದೆ. ನಮ್ಮ ಕಡೆ ಕ್ರೋಟನ್ ಗಿಡದ ಹಿಂದೆ ಎಂದೋ ಕಳಚಿಬಿದ್ದ ಪೈಪೊಂದು ಗುಳುಗುಳು ಅಂತು. ನೋಡನೋಡುತ್ತಿದ್ದಂತೆ ಕೊಳೆತ ಎಲೆ, ಬಟ್ಟೆಯ ಒಂದು ಕ್ಲಿಪ್ಪು, ಒಂದು ಹಿಡಿ ಬಿಳಿ ಥರ್ಮಾಕೋಲ್ ಕಾಳು, ಎಲ್ಲವನ್ನೂ ಹೊತ್ತುಕೊಂಡು ನೀರು ಸೀದಾ ನನ್ನ ರಂಗೋಲಿಯ ಮೇಲೆ ಹರಿಯಿತು.

ತಾರಸಿಯ ಅಂಚಿನಿಂದ ಪುಟ್ಟಿ ಕೂಗಿದಳು: "ಅಜ್ಜೀ, ಇದನ್ನೂ ನಿಮ್ಮ ಲೆಕ್ಕಕ್ಕೇ ಬರ್ಕೊಳ್ಳಾ?"