ಸೇವೆ ಮಾಡಿಸಿಕೊಂಡ ಸ್ವಯಂಸೇವಕ

ಮೈಸೂರಿನವನಿಗೆ ಅಥಣಿ ಅರೆ ವಿದೇಶ. ಪಾಸ್‌ಪೋರ್ಟ್ ಕೇಳುವುದಿಲ್ಲ, ಅಷ್ಟೇ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದಿ ದಂಡೆಯ ಊರುಗಳಿಗೆ ನುಗ್ಗಿದಾಗ, ನಾನೂ ಸ್ವಯಂಸೇವಕನೆಂದು ಹೆಗಲಿಗೆ ಚೀಲ ಏರಿಸಿ ಬಂದಿಳಿದೆ.

ಮೊದಲ ವಾರ ನಾನು ಮಾಡಿದ ಘನಕಾರ್ಯವೆಂದರೆ ಚಹಾ ಕುಡಿದದ್ದು. ಕಬ್ಬಿನ ಸೀಮೆಯ ಚಹಾ; ಸಕ್ಕರೆಗೆ ನಾಲ್ಕು ಹನಿ ಹಾಲು ಬೆರೆಸಿದ ಹಾಗಿರುತ್ತದೆ. ಪರಿಹಾರ ಕೇಂದ್ರದಲ್ಲಿ ಮನೆ ಮುಳುಗಿದ ಅಜ್ಜಿಗೆ ಕಂಬಳಿ ಕೊಡಲು ಹೋದರೆ, ಆಕೆ ಅದೇ ಕಂಬಳಿ ಹಾಸಿ ನನ್ನನ್ನೇ ಕೂರಿಸಿ, “ಎಷ್ಟ ಸೊರಗೀಯಲ್ಲೋ ತಮ್ಮಾ, ಉಂಡೀಯೋ ಇಲ್ಲೋ?” ಎಂದಳು. ಉತ್ತರಕ್ಕೂ ಮೊದಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೈಗೆ ಬಂತು. ಇಡ್ಲಿಗೆ ಒಗ್ಗಿದ ನನ್ನ ಹಲ್ಲುಗಳಿಗೆ ಕೊನೆಗೂ ನಿಜವಾದ ಉದ್ಯೋಗ ಸಿಕ್ಕಿತು.

ಬೂಟು ಕೆಸರಿನಲ್ಲಿ ಸಮಾಧಿಯಾದ ಮೇಲೆ ಕೊಲ್ಹಾಪುರಿ ಚಪ್ಪಲಿ ಕಾಲೇರಿತು. ಅಥಣಿ, ನಿಪ್ಪಾಣಿ ಸೀಮೆಯವರೂ ಹೊಲಿಯುವ ಇದಕ್ಕೆ ಅದೇ ವರ್ಷ ಭೌಗೋಳಿಕ ಸೂಚಕ ಮಾನ್ಯತೆಯೂ ದಕ್ಕಿತ್ತು. ನಡೆದರೆ ಕರ್ ಕರ್. ನಾನು ಬರುವ ಸುದ್ದಿ ನನಗಿಂತ ಮುಂಚೆ ತಲುಪಿ ಎಲ್ಲೆಡೆ ಚಹಾ ಸಿದ್ಧ! ಕಾಗವಾಡದಲ್ಲಂತೂ ಫೋನು ಗಡಿಯಾಚೆಯ ಟವರಿಗೆ ಜೋತುಬಿದ್ದು ಮಹಾರಾಷ್ಟ್ರಕ್ಕೆ ಸ್ವಾಗತ ಕೋರಿತು.

ವಾರದ ಕೊನೆಗೆ ಸಂತ್ರಸ್ತರೆಲ್ಲ ಸೇರಿ ಒಮ್ಮತದಿಂದ ತೀರ್ಮಾನಿಸಿದರು: ಮೊದಲು ಈ ಹುಡುಗನಿಗೆ ಏನಾದರೂ ಪರಿಹಾರ ಕೊಡಿಸಬೇಕು.